ಎರಡನೇ ಬೆಡ್ಡಿನವನ ಹೆಂಡತಿ

ಆ ಕೋಣೆಯಲ್ಲಿ ಏನೇನಿದೆ ಅನ್ನುವುದು ಡೊರಿಕಾಗೆ ಬಾಯಿಪಾಠವಾಗಿತ್ತು. ನಾಲ್ಕು ಬೆಡ್ಡು, ಮೂರು ಉಸಿರಾಟದ ಮೆಷಿನ್ನು. ಮೂರರಲ್ಲೊಂದು ಕೆಟ್ಟು ಮೂಲೆ ಸೇರಿ ಎಂಟು ತಿಂಗಳಾಗಿತ್ತು. ಅದರ ಯಾವುದೋ ಬಿಡಿಭಾಗ ಹಡಗಿನಲ್ಲಿ ಬರುತ್ತಿದೆ ಎಂದು ಸಿಸ್ಟರುಗಳು ಹೇಳುತ್ತಿದ್ದರು. ಸಮುದ್ರವೇ ಇಲ್ಲದ ಮಲಾವಿಗೆ ಆ ಹಡಗು ಯಾವ ದಾರಿ ಹಿಡಿದು ಬರುತ್ತಿತ್ತೋ ದೇವರೇ ಬಲ್ಲ. ಉಳಿದ ಎರಡರಲ್ಲಿ ಒಂದು, ಹತ್ತೊಂಬತ್ತು ದಿನಗಳಿಂದ ಅವಳ ಗಂಡ ಲೆವಿಸನ್ನನ ಎದೆಯನ್ನು ಏರಿಸುತ್ತ ಇಳಿಸುತ್ತ ಇತ್ತು.

ಲೆವಿಸನ್ ತ್ಯೋಲೊ ಕಡೆಯ ಹಳ್ಳಿಯೊಂದರಲ್ಲಿ ಯಜಮಾನರೊಬ್ಬರ ಮೆಕ್ಕೆಜೋಳದ ಗಿರಣಿ ನಡೆಸುತ್ತಿದ್ದ. ಐವತ್ತು ಕೆ.ಜಿ. ಮೂಟೆಯನ್ನು ಹೆಗಲಿಗೆಸೆದುಕೊಂಡು ಹಾಡು ಗುನುಗುವ ಆಳು. ಮೇ ತಿಂಗಳಲ್ಲಿ ನಾಲ್ಕು ದಿನ ಭೇದಿಯಾಯಿತು, ನಿಂತಿತು. ಎರಡು ವಾರ ಕಳೆದು ಒಂದು ಬೆಳಿಗ್ಗೆ, ಕಾಲು ಜೋಮು ಹಿಡಿದ ಹಾಗಿದೆ ಅಂದ. ಮರುದಿನ ಏಳಲೇ ಆಗಲಿಲ್ಲ. ಸೈಕಲ್ಲಿನ ಹಿಂದೆ ಬಟ್ಟೆ ಸುತ್ತಿ ಕಟ್ಟಿ ಕೂರಿಸಿಕೊಂಡು ಊರಿನ ದವಾಖಾನೆಗೆ ಒಯ್ದರು. ಅಲ್ಲಿಂದ ಜಿಲ್ಲಾಸ್ಪತ್ರೆ, ಅಲ್ಲಿಂದ ನಗರದ ದೊಡ್ಡಾಸ್ಪತ್ರೆ. ಅಷ್ಟರಲ್ಲಿ ಸೋಲು ಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಕೈಗೆ, ಕೈಯಿಂದ ಎದೆಗೆ ಏರಿತ್ತು. ಗಂಟಲಿಗೆ ತೂತು ಮಾಡಿ ನಳಿಗೆ ಇಟ್ಟರು.

"ನರದ ಕಾಯಿಲೆ ಕಣಮ್ಮಾ," ಎಂದಿದ್ದರು ಐಸಿಯು ನೋಡಿಕೊಳ್ಳುವ ಸಿಸ್ಟರ್ ನಮಲೊಂಬ. "ತಾನಾಗೇ ಹತ್ತಿದೆ, ತಾನಾಗೇ ಇಳಿಯುತ್ತೆ. ಇಳಿಯೋ ತನಕ ಉಸಿರು ನಾವು ಕೊಡಬೇಕು. ತಿಂಗಳೋ, ಎರಡು ತಿಂಗಳೋ. ಬೇಗ ಇಳಿಸೋ ಔಷಧಿ ಇದೆ, ನಮ್ಮ ಆಸ್ಪತ್ರೇಲಿಲ್ಲ. ಒಂದು ಮಾತು ನೆನಪಿಟ್ಕೊ. ಇವನು ಮಲಗಿದಾನೆ ಅಷ್ಟೆ. ತಲೆ ನಿನ್ನ ತಲೆ ಹಾಗೇ ಇದೆ. ಎಲ್ಲಾ ಕೇಳಿಸುತ್ತೆ, ಎಲ್ಲಾ ಗೊತ್ತಾಗುತ್ತೆ."

ಮುಖದಲ್ಲಿ ಹುಬ್ಬು ಮತ್ತು ರೆಪ್ಪೆ ಮಾತ್ರ ಅವನ ಮಾತು ಕೇಳುತ್ತಿದ್ದವು. ಹುಬ್ಬೇರಿಸಿದರೆ ಹೌದು, ಕಣ್ಣು ಮುಚ್ಚಿದರೆ ಇಲ್ಲ. ಅಷ್ಟರಲ್ಲೇ ಗಂಡಹೆಂಡಿರ ಸಂಸಾರ ನಡೆಯುತ್ತಿತ್ತು. ದಿನಕ್ಕೆ ಮೂರು ಸಲ ಡೊರಿಕಾ ಒಳಗೆ ಹೋಗುವಳು. ಮೂಗಿನ ನಳಿಗೆಯಲ್ಲಿ ತಿಳಿಗಂಜಿ ಬಿಡುವಳು, ಮೈ ಒರೆಸುವಳು, ಮಗ್ಗುಲು ತಿರುಗಿಸುವಳು, ಊರಲ್ಲಿ ತಾಯಿಯ ಹತ್ತಿರ ಬಿಟ್ಟುಬಂದ ಮಕ್ಕಳ ಸುದ್ದಿ ಹೇಳುವಳು. ಉಳಿದ ಹೊತ್ತೆಲ್ಲ ಆಸ್ಪತ್ರೆಯ ಹಿಂದಿನ ಛತ್ರದಲ್ಲಿ.

ರೋಗಿಗಳ ಕಡೆಯವರು ಉಳಿಯುವ ಛತ್ರ ಅದು. ಸಿಮೆಂಟು ನೆಲ, ತಗಡಿನ ಮಾಡು, ಹಿಂದೆ ಸಾಲಾಗಿ ಒಲೆಕಲ್ಲುಗಳು. ಜೂನ್ ತಿಂಗಳು. ಚಿಪೆರೋನಿ ಹಿಡಿದುಕೊಂಡಿತ್ತು. ಮಳೆಯೂ ಅಲ್ಲದ, ಮಂಜೂ ಅಲ್ಲದ ಆ ಸಣ್ಣ ಹನಿಗೆ ಸೌದೆ ಹತ್ತುತ್ತಲೇ ಇರಲಿಲ್ಲ. ಮೊದಲ ವಾರ ಡೊರಿಕಾ ಯಾರು ಕೇಳಿದರೂ ಐಸಿಯು ಅಂದಿದ್ದಳು. ಅಂದ ತಕ್ಷಣ ಹೆಂಗಸರು ದನಿ ಇಳಿಸಿ, ಒಲೆ ಬಿಟ್ಟುಕೊಟ್ಟು, ಸ್ವಲ್ಪ ದೂರ ಸರಿದು ಕೂತಿದ್ದರು. ಆಗಲೇ ವಿಧವೆಯಾದವಳನ್ನು ಕಂಡ ಹಾಗೆ. ಆಮೇಲೆ ಬಂದವರಿಗೆ ಅವಳು "ಗಂಡ. ಕಾಲಿಗೆ ಸೋಲು" ಎಂದಷ್ಟೇ ಹೇಳತೊಡಗಿದಳು. ಅದು ಸುಳ್ಳೂ ಆಗಿರಲಿಲ್ಲ.

ಜೈನಬುಗೂ ಅವಳು ಹೇಳಿದ್ದು ಅಷ್ಟೇ.

ಜೈನಬು ಮಂಗೋಚಿ ಕಡೆಯವಳು, ಸರೋವರದ ದಂಡೆಯವಳು. ಐವತ್ತರ ಹತ್ತಿರದ ಹೆಂಗಸು, ಗಟ್ಟಿ ಗಂಟಲು. ತುಂಬು ಬಸುರಿ ಮಗಳು ಹವಾಳನ್ನು ಅಲ್ಲಿನ ಆಸ್ಪತ್ರೆಯವರು ರಕ್ತದೊತ್ತಡ ಜಾಸ್ತಿಯೆಂದು ಇಲ್ಲಿಗೆ ಕಳಿಸಿದ್ದರು. ಬಂದ ದಿನವೇ ಜೈನಬು ಡೊರಿಕಾಳ ಪಾತ್ರೆಯೊಳಗೆ ಇಣುಕಿದಳು.

"ಇದೇನೇ, ಮುದ್ದೆ ಕೂಡಿಸಿದೀಯೋ, ಗೋಡೆಗೆ ಮಣ್ಣು ಕಲಸಿದೀಯೋ?"

"ಸೌದೆ ಹಸಿ ಅಮ್ಮಾ. ನೀವೇ ಊದಿ ನೋಡಿ."

"ಸರಿ ಆ ಕಡೆ. ಇದನ್ನ ನಿನ್ನ ಗಂಡ ತಿಂದ್ರೆ ಕಾಲಷ್ಟೇ ಅಲ್ಲ, ಹಲ್ಲೂ ಸೋಲುತ್ತೆ." ಹೀಗೆ ಹೇಳುತ್ತಲೇ ಒಲೆಯ ಮುಂದೆ ಕೂತು, ತನ್ನ ಗಂಟಿನಿಂದ ಒಂದು ಹಿಡಿ ಒಣಮೀನು ತೆಗೆದು ಅವಳ ಸಾರಿಗೆ ಸುರಿದಳು. "ತಿನ್ನು. ಎಲುಬು ಕಾಣ್ತಿದೆ ನಿಂದು."

ಅಂದಿನಿಂದ ಇಬ್ಬರದೂ ಒಂದೇ ಒಲೆ. ಹವಾ ಸಂಜೆ ಹೊತ್ತು ಊದಿದ ಪಾದಗಳನ್ನು ಎಳೆಯುತ್ತ ಬಂದು ಗೋಡೆಗೊರಗಿ ಕೂರುವಳು. ಇಪ್ಪತ್ತರ ಹುಡುಗಿ. ಅವ್ವನ ಮಾತಿಗೆ ನಾಚಿ ಮೈಗೆ ಸುತ್ತಿದ ಚಿತೆಂಜೆ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ನಗುವಳು.

"ಅಳಿಯಂದ್ರು ಬರಲ್ವಾ ಅಮ್ಮಾ?" ಎಂದು ಡೊರಿಕಾ ಒಮ್ಮೆ ಕೇಳಿದಳು.

"ಜೋಹಾನ್ಸ್‌ಬರ್ಗಲ್ಲಿದಾನೆ ಮಹಾರಾಯ. ಬಿತ್ತನೆಗೆ ಬಂದಿದ್ದ, ಕುಯ್ಲಿಗೆ ಬಿಡುವಿಲ್ವಂತೆ!"

ಛತ್ರವೆಲ್ಲ ನಕ್ಕಿತು. ಹತ್ತೊಂಬತ್ತು ದಿನಗಳಲ್ಲಿ ಡೊರಿಕಾ ನಕ್ಕಿದ್ದು ಅದೇ ಮೊದಲು. ನಕ್ಕದ್ದಕ್ಕೆ ಆಮೇಲೆ ಲೆವಿಸನ್ನನ ಮುಂದೆ ನಿಲ್ಲಲು ನಾಚಿಕೆಯಾಯಿತು.

ಇಪ್ಪತ್ತೆರಡನೇ ದಿನ ಬೆಳಿಗ್ಗೆ ಹವಾಗೆ ನೋವು ಬಂತು. ಹೆರಿಗೆಯಾಗುತ್ತಿದ್ದ ಹಾಗೇ ಫಿಟ್ಸೂ ಬಂತು. ಹೆಣ್ಣು ಮಗು ಚೆನ್ನಾಗಿತ್ತು. ತಾಯಿಗೆ ಮಾತ್ರ ಒಂದರ ಹಿಂದೆ ಒಂದು, ಐದು ಸಲ. ಆಮೇಲೆ ಎಚ್ಚರವಾಗಲಿಲ್ಲ, ಎದೆಯಲ್ಲಿ ನೀರು ತುಂಬಿಕೊಂಡಿತು. ಡೊರಿಕಾಗೆ ಇದ್ಯಾವುದೂ ಆಗ ಗೊತ್ತಿರಲಿಲ್ಲ. ಅವಳು ಐಸಿಯು ಒಳಗೆ ಲೆವಿಸನ್ನನ ಬಾಯಿ ಒರೆಸುತ್ತಿದ್ದಳು. ಹೆರಿಗೆ ವಾರ್ಡಿನ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಓಡಿಬಂದಂತೆ ಬಂದಳು. ಏಪ್ರನ್ನಿನ ಮೇಲೆ ರಕ್ತವಿತ್ತು.

"ಸಿಸ್ಟರ್, ಒಂದು ಮೆಷಿನ್ ಬೇಕು. ಇಪ್ಪತ್ತು ವರ್ಷದವಳು, ಈಗ ಹೆತ್ತಿದಾಳೆ. ನಾಲ್ಕೈದು ದಿನ ಸಾಕು, ಎದ್ದುಬಿಡ್ತಾಳೆ."

"ಎಲ್ಲಿಂದ ತರಲಿ ಡಾಕ್ಟ್ರೇ? ಮೂರನೇ ಬೆಡ್ಡಿಂದು ಲಾರಿ ಕೇಸು, ನಿನ್ನೆ ತಲೆ ಬಿಚ್ಚಿದಾರೆ. ಎರಡನೇದು ಇವನು."

"ಆಪರೇಷನ್ ಥಿಯೇಟರಿಂದು?"

"ಅದನ್ನ ತಂದ್ರೆ ನಿಮ್ಮ ಸಿಸೇರಿಯನ್ನೇ ನಿಲ್ಲುತ್ತೆ. ಇವತ್ತು ಎಷ್ಟಿದೆ ಲಿಸ್ಟಲ್ಲಿ?"

ಡಾಕ್ಟರಮ್ಮ ಲೆವಿಸನ್ನನ ಕಾಲ ಬಳಿ ನಿಂತು ಚೀಟಿ ನೋಡಿದಳು. "ಇಪ್ಪತ್ತೆರಡು ದಿನ. ಇನ್ನೆಷ್ಟು ದಿನ ಬೇಕು ಇವನಿಗೆ?"

"ಯಾರಿಗೆ ಗೊತ್ತು. ಇಪ್ಪತ್ತೋ, ನಲವತ್ತೋ."

"ಆ ದಿನಗಳಲ್ಲಿ ನಾನು ಏಳೆಂಟು ತಾಯಂದಿರನ್ನ ಉಳಿಸ್ಕೋತೀನಿ ಸಿಸ್ಟರ್. ಇವನಿಗೆ ಕೈಯಿಂದ ಬ್ಯಾಗ್ ಒತ್ತೋಕಾಗಲ್ವಾ?"

"ಮೆತ್ತಗೆ," ಎಂದರು ಸಿಸ್ಟರ್ ನಮಲೊಂಬ. "ಅವನಿಗೆ ಕೇಳಿಸುತ್ತೆ."

ಡಾಕ್ಟರಮ್ಮ ಬೆಚ್ಚಿ ಲೆವಿಸನ್ನನ ಮುಖ ನೋಡಿದಳು. ಅವನ ಕಣ್ಣು ತೆರೆದಿತ್ತು. ಆಗಷ್ಟೇ ಅವಳಿಗೆ ಡೊರಿಕಾಳೂ ಕಂಡಿರಬೇಕು.

"ಹಾಕಿದ್ದನ್ನ ತೆಗೆಯೋದು ನನ್ನ ಕೈಲಾಗಲ್ಲ ಡಾಕ್ಟ್ರೇ," ಎಂದರು ಸಿಸ್ಟರ್. "ದೊಡ್ಡ ಡಾಕ್ಟ್ರು ಹೇಳಿದ್ರೂ ತೆಗೆಯಲ್ಲ. ಬ್ಯಾಗ್ ಕೊಡ್ತೀನಿ, ನಳಿಗೆ ಹಾಕೋಕೆ ಬಂದು ಸಹಾಯ ಮಾಡ್ತೀನಿ. ಲಾರಿಯವನದು ಸಂಜೆ ನೋಡೋಣ. ಏನಾದ್ರೂ ಆದ್ರೆ ಮೊದಲು ನಿಮಗೇ. ಹುಡುಗಿ ಹೆಸರೇನು?"

"ಹವಾ. ಮಂಗೋಚಿಯವಳು."

ಡೊರಿಕಾಳ ಕೈಯಲ್ಲಿದ್ದ ಒದ್ದೆ ಬಟ್ಟೆ ಕೈಯಲ್ಲೇ ಉಳಿಯಿತು.

ಅವರಿಬ್ಬರೂ ಹೊರಗೆ ಹೋದ ಮೇಲೆ ಕೋಣೆಯಲ್ಲಿ ಮೆಷಿನ್ನಿನ ಸದ್ದಷ್ಟೇ. ಲೆವಿಸನ್ ಅವಳನ್ನೇ ನೋಡುತ್ತಿದ್ದ. ನೋಟ ಮೆಷಿನ್ನಿನ ಕಡೆ ಹೋಯಿತು, ಬಾಗಿಲ ಕಡೆ ಹೋಯಿತು, ಅವಳ ಮುಖಕ್ಕೆ ಬಂದು ನಿಂತಿತು. ಮತ್ತೆ ಮೆಷಿನ್ನು, ಬಾಗಿಲು, ಅವಳು.

"ಬಾಯಿ ಒಣಗಿದೆಯಾ?" ಎಂದಳು.

ಅವನು ಕಣ್ಣು ಮುಚ್ಚಿದ.

"ಬೆನ್ನು ನೋಯ್ತಿದೆಯಾ? ತಿರುಗಿಸ್ಲಾ?"

ಮುಚ್ಚಿದ.

"ಚಳೀನಾ? ಹೊದಿಕೆ ಎಳೀಲಾ?"

ಈ ಸಲ ಗಟ್ಟಿಯಾಗಿ ಮುಚ್ಚಿ, ಸಿಟ್ಟಿನಿಂದಲೇ ತೆರೆದ. ಕೇಳಬೇಕಾದ ಪ್ರಶ್ನೆ ಇನ್ನೊಂದೇ ಇತ್ತು. ಅದು ಅವಳ ನಾಲಿಗೆಯ ತುದಿಗೆ ಬಂದಿತ್ತು ಕೂಡ. ಇವನನ್ನು ಅವಳು ಬಲ್ಲಳು. ಬರದ ವರ್ಷ ಮನೆಯಲ್ಲಿದ್ದ ಕೊನೆಯ ಬುಟ್ಟಿ ಜೋಳವನ್ನು ಪಕ್ಕದ ಮನೆಗೆ ಅರ್ಧ ಕೊಟ್ಟವನು. ಕೇಳಿದರೆ ಹುಬ್ಬೇರಿಸಿಬಿಡುತ್ತಾನೆ. ಏರಿಸಿದ ಮೇಲೆ ಅದನ್ನು ನೋಡಿಲ್ಲ ಅನ್ನಲಾಗುವುದಿಲ್ಲ.

ಅವನ ಕಣ್ಣಿನಿಂದ ನೀರು ಇಳಿದು ಕಿವಿಯೊಳಕ್ಕೆ ಹೋಯಿತು. ಅದನ್ನು ಒರೆಸಿದಳು. "ಸುಮ್ನೆ ಮಲ್ಕೊ," ಅಂದು ಹೊರಗೆ ಬಂದುಬಿಟ್ಟಳು.

ಛತ್ರಕ್ಕೆ ಹೋಗದೆ ಹೆರಿಗೆ ವಾರ್ಡಿಗೇ ನಡೆದಳು. ಹವಾಳನ್ನು ಕೊನೆಯ ಮಂಚದಲ್ಲಿ ಹಾಕಿದ್ದರು. ಬಾಯಲ್ಲಿ ನಳಿಗೆ, ನಳಿಗೆಯ ತುದಿಗೆ ಚೆಂಡಿನಂಥ ರಬ್ಬರಿನ ಬ್ಯಾಗು. ಜೈನಬು ಮಂಚದ ತಲೆಯ ಬಳಿ ನಿಂತು ಅದನ್ನು ಎರಡೂ ಕೈಯಿಂದ ಒತ್ತುತ್ತಿದ್ದಳು. ನರ್ಸು ಪಕ್ಕದಲ್ಲಿ ನಿಂತು ಹೇಳಿಕೊಡುತ್ತಿದ್ದಳು: ಒತ್ತು, ಬಿಡು, ಒಂದು ಎರಡು ಮೂರು, ಒತ್ತು. ಜೈನಬುವಿನ ಚಿಕ್ಕ ತಂಗಿ ಮಗುವನ್ನೆತ್ತಿಕೊಂಡು ಮೂಲೆಯಲ್ಲಿ ಕೂತಿದ್ದಳು.

"ಬಂದ್ಯಾ ಮಗಳೇ," ಎಂದಳು ಜೈನಬು. ಗಂಟಲು ಗಟ್ಟಿಯಾಗಿರಲಿಲ್ಲ. "ನೋಡೇ ಇದನ್ನ. ತಿದಿ ಒತ್ತೋ ಹಾಗೆ ಒತ್ತಬೇಕಂತೆ. ನಿಲ್ಲಿಸ್ಬಾರದಂತೆ."

"ಕೊಡಿ ಅಮ್ಮಾ, ಸ್ವಲ್ಪ ಹೊತ್ತು ನಾನು ಒತ್ತುತೀನಿ."

ಹತ್ತು ಗಂಟೆಯಿಂದ ಮಧ್ಯಾಹ್ನದವರೆಗೆ ಇಬ್ಬರೂ ಸರದಿಯ ಮೇಲೆ ಒತ್ತಿದರು. ಮೊದಲು ಸುಲಭವೆನಿಸಿದ್ದು ಅರ್ಧ ಗಂಟೆಯಲ್ಲಿ ಹೆಬ್ಬೆರಳಿಗೆ, ಮುಂಗೈಗೆ, ಭುಜಕ್ಕೆ ಹತ್ತಿತು. ಹವಾಳ ಎದೆ ಏರುವುದನ್ನು ಡೊರಿಕಾ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ತನ್ನ ಕೈ ಹೇಳಿದಂತೆ ಏರುವ ಎದೆ. ಬಿಟ್ಟರೆ ಇಳಿಯುವ ಎದೆ.

"ಮೆಷಿನ್ ಇದೆಯಂತೆ ಕಣೇ," ಎಂದಳು ಜೈನಬು, ಕೈ ನೀವಿಕೊಳ್ಳುತ್ತ. "ಎರಡಿದೆಯಂತೆ. ಒಂದರಲ್ಲಿ ಯಾರೋ ಇಪ್ಪತ್ತೆರಡು ದಿನದಿಂದ ಮಲಗಿದಾನಂತೆ. ಕೈ ಆಡ್ಸಲ್ವಂತೆ, ಕಾಲು ಆಡ್ಸಲ್ವಂತೆ. ಹೆಣಾನ ಎಷ್ಟು ದಿನ ಉಸಿರಾಡಿಸ್ತಾರೆ? ಅವನ ಮನೆಯೋರಿಗೆ ದೇವರ ಭಯ ಇಲ್ವಾ?"

ಡೊರಿಕಾ ಒತ್ತಿದಳು, ಬಿಟ್ಟಳು. ಒಂದು, ಎರಡು, ಮೂರು.

"ನೀನು ನನ್ನ ಹೊಟ್ಟೇಲಿ ಹುಟ್ಟಬೇಕಿತ್ತು," ಎಂದಳು ಜೈನಬು, ಅವಳ ಬೆನ್ನ ಮೇಲೆ ಕೈಯಿಟ್ಟು. "ಯಾರ ಮಗಳೋ, ನನ್ನ ಮಗಳಿಗೆ ಉಸಿರು ಕೊಡ್ತಿದೀಯ."

ಆಗ ಹೇಳಬೇಕಿತ್ತು. ಹೇಳಿದ್ದರೆ ಏನಾಗುತ್ತಿತ್ತೋ. ಅವಳು ತಲೆ ತಗ್ಗಿಸಿಕೊಂಡು ಒತ್ತುತ್ತಲೇ ಇದ್ದಳು. ಅಷ್ಟರಲ್ಲಿ ಐಸಿಯುವಿನ ಆಯಾ ವಾರ್ಡಿನ ಬಾಗಿಲಲ್ಲಿ ನಿಂತು ಕೂಗಿದಳು: "ಇಲ್ಲಿದೀಯಾ ತಾಯೀ! ಎಲ್ಲೆಲ್ಲಿ ಹುಡುಕೋದು? ಎರಡನೇ ಬೆಡ್ಡು, ಲೆವಿಸನ್ ಹೆಂಡ್ತಿ! ಗಂಜಿ ಹೊತ್ತು ಮೀರಿದೆ, ನಿನ್ನ ಗಂಡ ಮೆಷಿನ್ನಲ್ಲಿ ಉಪವಾಸ ಮಲಗಿದಾನೆ."

ಜೈನಬುವಿನ ಕೈ ಅವಳ ಬೆನ್ನ ಮೇಲೆ ಇನ್ನೂ ಇತ್ತು. ಅದು ಸ್ವಲ್ಪ ಹೊತ್ತು ಅಲ್ಲೇ ಇದ್ದು, ಆಮೇಲೆ ಹೋಯಿತು.

"ಕಾಲಿಗೆ ಸೋಲು ಅಂದಿದ್ದೆ," ಎಂದಳು ಜೈನಬು.

"ಅಮ್ಮಾ..."

"ಕೊಡು ಇಲ್ಲಿ."

ಬ್ಯಾಗನ್ನು ಕಿತ್ತುಕೊಳ್ಳಲಿಲ್ಲ, ಒಂದು ಒತ್ತೂ ತಪ್ಪದಂತೆ ಕೈಯಿಂದ ಕೈಗೆ ತೆಗೆದುಕೊಂಡಳು. ಆಮೇಲೆ ಅವಳ ಕಡೆ ತಿರುಗಿ ನೋಡಲಿಲ್ಲ. ಸಂಜೆ ಡೊರಿಕಾ ಮತ್ತೆ ಬಂದು ಬಾಗಿಲಲ್ಲಿ ನಿಂತಾಗ, ಮಗುವನ್ನು ಪಕ್ಕದಲ್ಲಿ ಮಲಗಿಸಿ ಹವಾಳ ಚಿಕ್ಕಮ್ಮ ಒತ್ತುತ್ತಿದ್ದಳು. ಜೈನಬು ಗೋಡೆಗೆ ಒರಗಿ, ಬಾವು ಬಂದ ಬೆರಳುಗಳನ್ನು ತಣ್ಣೀರಿನ ಪಾತ್ರೆಯಲ್ಲಿ ಅದ್ದಿಕೊಂಡು ಕೂತಿದ್ದಳು. ಪಕ್ಕದ ಮಂಚಗಳ ಕಡೆಯ ಹೆಂಗಸರು ಒಬ್ಬೊಬ್ಬರೇ ಬಂದು ಕೈ ಜೋಡಿಸುತ್ತಿದ್ದರು. ಡೊರಿಕಾ ಒಂದು ಹೆಜ್ಜೆ ಒಳಗಿಟ್ಟಳು. ಜೈನಬು ತಲೆ ಎತ್ತಿದಳು, ಅಷ್ಟೆ. ಡೊರಿಕಾ ಹಿಂದಕ್ಕೆ ಸರಿದಳು.

ಇಪ್ಪತ್ತಾರು ಗಂಟೆ ಒತ್ತಿದರು. ಮರುದಿನ ಮಧ್ಯಾಹ್ನ, ಕಾಣದ ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ, ಒತ್ತಿದ ಗಾಳಿ ಒಳಗೆ ಹೋಗದಾಯಿತು. ನೊರೆ ಬಂತು. ಡಾಕ್ಟರಮ್ಮ ಬಂದು ಜೈನಬುವಿನ ಕೈ ಹಿಡಿದು, "ಸಾಕು ಅಮ್ಮಾ," ಅಂದಳಂತೆ. ಜೈನಬು ಅದಾದ ಮೇಲೂ ಎಷ್ಟೋ ಸಲ ಒತ್ತಿದಳಂತೆ.

ಹೆಣ ಒಯ್ಯಲು ಪಿಕಪ್ ಬಂದಾಗ ಛತ್ರದಲ್ಲಿದ್ದವರೆಲ್ಲ ಹೊರಗೆ ಬಂದು ನಿಂತು, ಹೆಂಗಸರು ಹಾಡು ಹಿಡಿದರು. ಜೈನಬು ಗಂಟು ಕಟ್ಟಿಕೊಳ್ಳಲು ಒಲೆಯ ಹತ್ತಿರ ಬಂದಳು. ಒಲೆಯ ಮುಂದೆ ಡೊರಿಕಾ ಇದ್ದಳು.

"ಬದುಕ್ತಾನಂತಾ ನಿನ್ನ ಗಂಡ?" ಎಂದಳು ಜೈನಬು.

"ಗೊತ್ತಿಲ್ಲ ಅಮ್ಮಾ."

"ಬದುಕಲಿ." ಮುಖದಲ್ಲಿ ಕನಿಕರವಿರಲಿಲ್ಲ. "ಅವನೂ ಸತ್ರೆ ನನ್ನ ಮಗಳು ಯಾಕೆ ಸತ್ಲು ಅಂತ ನಾನು ಯಾರನ್ನ ಕೇಳಲಿ?" ಗಂಟಿನಲ್ಲಿ ಉಳಿದಿದ್ದ ಒಣಮೀನನ್ನು ಅಲ್ಲೇ ಒಲೆಕಲ್ಲಿನ ಮೇಲೆ ಇಟ್ಟು, ಮಗುವನ್ನು ಬೆನ್ನಿಗೆ ಕಟ್ಟಿಸಿಕೊಂಡು ಹೊರಟಳು. ಅದು ಕೊಟ್ಟಿದ್ದೋ, ಬಿಸಾಕಿದ್ದೋ ಡೊರಿಕಾಗೆ ತಿಳಿಯಲಿಲ್ಲ. ಆ ಮೀನನ್ನು ಅವಳು ಮುಟ್ಟಲಿಲ್ಲ. ಯಾರೋ ಬೇಯಿಸಿಕೊಂಡರು.

ಎರಡು ದಿನ ಬಿಟ್ಟು ಲಾರಿಯವನು ಸತ್ತ. ಬೆಳಿಗ್ಗೆ ಡೊರಿಕಾ ಒಳಗೆ ಹೋದಾಗ ಮೂರನೇ ಬೆಡ್ಡು ಖಾಲಿಯಿತ್ತು. ಮೆಷಿನ್ನು ಒರೆಸಿಕೊಂಡು, ಬಾಯಿ ಮುಚ್ಚಿಕೊಂಡು ಸುಮ್ಮನೆ ನಿಂತಿತ್ತು. ಸಂಜೆಯವರೆಗೂ ಅದಕ್ಕೆ ಯಾರೂ ಬರಲಿಲ್ಲ. ಸಿಸ್ಟರ್ ನಮಲೊಂಬ ಆ ಕಡೆ ನೋಡದೆ ಓಡಾಡುತ್ತಿದ್ದರು. ಈ ಲಾರಿಯವನಿಗೆ ಎರಡು ದಿನ ಮೊದಲೇ ಸಾಯೋಕೆ ಏನಾಗಿತ್ತು ಎಂದು ಡೊರಿಕಾ ಅಂದುಕೊಂಡಳು. ಹೊರಗೆ ಅವನ ಹೆಂಡತಿ ನೆಲಕ್ಕೆ ಹಣೆ ಚಚ್ಚಿಕೊಳ್ಳುತ್ತಿದ್ದುದು ಕೇಳಿಸಿ, ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಲೆವಿಸನ್ ಆಮೇಲೆ ಅವಳನ್ನು ಆ ರೀತಿ ನೋಡಲಿಲ್ಲ. ಕೇಳಿದ್ದಕ್ಕೆ ಹುಬ್ಬೇರಿಸುವನು, ಕಣ್ಣು ಮುಚ್ಚುವನು. ನಡುವೆ ಕಫ ಕಟ್ಟಿ ಜ್ವರ ಬಂದು ಒಂದು ವಾರ ಹೋದಹಾಗೇ ಇದ್ದ. ಒಂದು ದಿನ ಕರೆಂಟು ಹೋಗಿ ಜನರೇಟರು ಹತ್ತದೆ ಸಿಸ್ಟರೂ ಡೊರಿಕಾಳೂ ನಲವತ್ತು ನಿಮಿಷ ಬ್ಯಾಗು ಒತ್ತಿದರು. ನಲವತ್ತೊಂದನೇ ದಿನ ಬಲಗೈಯ ಹೆಬ್ಬೆರಳು ಅಲುಗಿತು. ಐವತ್ತನೆಯ ದಿನದ ಹೊತ್ತಿಗೆ ಮೆಷಿನ್ನನ್ನು ಸ್ವಲ್ಪ ಸ್ವಲ್ಪ ಹೊತ್ತು ನಿಲ್ಲಿಸತೊಡಗಿದರು. ಐವತ್ತಾರನೇ ದಿನ ಸಿಸ್ಟರ್ ನಮಲೊಂಬ ಗಂಟಲ ತೂತಿನ ಮೇಲೆ ಬೆರಳಿಟ್ಟು, "ಈಗ ಮಾತಾಡು," ಅಂದು, ಡೊರಿಕಾಗೆ ಆ ಬೆರಳಿಡುವುದನ್ನು ಕಲಿಸಿ ಹೊರಗೆ ಹೋದರು.

ದನಿ ಒಣ ಸೋಗೆ ಎಳೆದ ಹಾಗೆ ಬಂತು.

"ಆ ಹುಡುಗಿ?"

ಮಕ್ಕಳ ಹೆಸರು ಹೇಳುತ್ತಾನೆ ಎಂದು ಕಾದಿದ್ದಳು. "ಯಾವ ಹುಡುಗಿ?" ಅಂದಳು, ಗೊತ್ತಿದ್ದೂ.

"ಡಾಕ್ಟ್ರಮ್ಮ ಬಂದಿದ್ಳಲ್ಲ ಅವತ್ತು."

"ಹೋದ್ಳು. ಮಗು ಇದೆ."

ಅವನು ಮಾಡು ನೋಡುತ್ತ ಮಲಗಿದ್ದ. "ನೀನು ಕೇಳ್ಲೇ ಇಲ್ಲ. ಬಾಯಿ ಒಣಗಿದೆಯಾ, ಬೆನ್ನು ನೋವಾ... ಅದೇ ಒಂದು ಕೇಳ್ಲಿಲ್ಲ."

"ಹೇಗೆ ಕೇಳಲಿ?" ಮೂವತ್ತೈದು ದಿನ ತಡೆದದ್ದು ಒಟ್ಟಿಗೇ ನುಗ್ಗಿತು. "ಕೇಳಿದ್ರೆ ನೀನು ಕೊಟ್ಟುಬಿಡಿ ಅಂತಿದ್ದೆ. ನಿನ್ನ ಬುದ್ಧಿ ನಂಗೆ ಗೊತ್ತಿಲ್ವಾ? ಮಕ್ಕಳಿಗೆ ಏನಂತ ಹೇಳಲಿ ನಾನು, ನಿಮ್ಮಪ್ಪ ಹುಬ್ಬೇರಿಸಿದ, ನಾನು ಒಪ್ಪಿದೆ ಅಂತಲಾ? ಬಯ್ಯಿ ನನ್ನ. ಬಯ್ದುಬಿಡು."

ಲೆವಿಸನ್ ಕತ್ತನ್ನು ಕಷ್ಟಪಟ್ಟು ಅವಳ ಕಡೆ ಹೊರಳಿಸಿದ.

"ಕೊಟ್ಟುಬಿಡಿ ಅಂತಾನಾ?" ಎಂದ. "ನಾನಾ?"

ಅವಳ ಬೆರಳು ಗಂಟಲ ಮೇಲಿಂದ ಜಾರಿತು, ಮುಂದಿನ ಮಾತು ಬರಿಯ ಗಾಳಿಯಾಗಿ ಹೋಯಿತು. ಮತ್ತೆ ಬೆರಳಿಟ್ಟಳು.

"ತೆಗೀಬೇಡಿ ಅಂತ ಹೇಳು ಅಂತಿದ್ದೆ ಕಣೇ. ಕಾಲಿಗೆ ಬೀಳು, ಬಾಗಿಲಿಗೆ ಅಡ್ಡ ನಿಂತ್ಕೊ ಅಂತ. ನೀನು ಹೊದಿಕೆ ಎಳೀಲಾ ಅಂದೆ. ಎದ್ದು ಹೊರಗೆ ಹೋದೆ. ತೆಗೆಯೋಕೆ ಒಪ್ಪಿಬಿಟ್ಳು, ನೋಡೋಕಾಗದೆ ಹೋದ್ಳು ಅಂದ್ಕೊಂಡೆ. ಅವತ್ತಿಡೀ ಬಾಗಿಲಲ್ಲಿ ಹೆಜ್ಜೆ ಸದ್ದಾದಾಗೆಲ್ಲ..." ಉಸಿರು ಸಾಲದೆ ನಿಂತ. "ಆ ಹುಡುಗಿ ಬೇಗ ಹೋಗ್ಲಿ ಅಂತ ಬೇಡ್ಕೊಂಡೆ ಡೊರಿಕಾ. ಬೇಗ ಹೋದ್ರೆ ಮೆಷಿನ್ ಕೇಳಲ್ವಲ್ಲ."

ಡೊರಿಕಾಗೆ ಅಳು ಬರಲಿಲ್ಲ. ಇಷ್ಟು ದಿನ ಇವನನ್ನು ತನಗಿಂತ ಎತ್ತರದಲ್ಲಿಟ್ಟು, ಆ ಎತ್ತರದಿಂದ ಇವನು ತನ್ನನ್ನು ನೋಡುತ್ತಿದ್ದಾನೆ ಎಂದು ಕುಗ್ಗಿ ಓಡಾಡಿದ್ದಳು. ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಆಮೇಲೆ ಅವನ ಹೆಬ್ಬೆರಳು, ಅಲುಗುತ್ತಿದ್ದ ಆ ಒಂದೇ ಬೆರಳು, ಹಾಸಿಗೆಯ ಮೇಲೆ ಅವಳ ಕೈಗಾಗಿ ತಡಕಾಡುವುದು ಕಂಡಿತು. ಇನ್ನೊಂದು ಕೈಯನ್ನು ಅದರ ಮೇಲಿಟ್ಟಳು.

ಆಗಸ್ಟ್ ಕೊನೆಗೆ ಊರಿಗೆ ಬಂದರು. ಲೆವಿಸನ್ ಎರಡು ಕೋಲು ಹಿಡಿದು ಮನೆಯಿಂದ ಬಚ್ಚಲವರೆಗೆ ನಡೆಯುತ್ತಿದ್ದ. ಬೆರಳು ಗುಂಡಿ ಹಾಕುವಷ್ಟು ಬಲಿತಿರಲಿಲ್ಲ. ಗಿರಣಿಗೆ ಯಜಮಾನರು ಬೇರೆಯವನನ್ನು ಇಟ್ಟುಕೊಂಡಿದ್ದರು. ಡೊರಿಕಾ ಚಹಾ ತೋಟಕ್ಕೆ ಎಲೆ ಕೊಯ್ಯಲು ಸೇರಿದಳು. ಮುಂಗೈಗೆ ಒಂದು ನೋವು ಉಳಿದುಕೊಂಡಿತ್ತು, ಬುಟ್ಟಿ ತುಂಬುವ ಹೊತ್ತಿಗೆ ಜುಮುಜುಮು ಅನ್ನುತ್ತಿತ್ತು.

ಸತ್ತು ಬದುಕಿದವನನ್ನು ನೋಡಲು ಭಾನುವಾರ ಚರ್ಚು ಮುಗಿದ ಮೇಲೆ ಜನ ಬರುತ್ತಿದ್ದರು. ಲೆವಿಸನ್ ಚಾಪೆಯ ಮೇಲೆ ಗೋಡೆಗೊರಗಿ ಕೂತು ಎಲ್ಲ ಹೇಳುವನು. ಸೈಕಲ್ಲಿನ ಹಿಂದೆ ಕಟ್ಟಿದ್ದು, ಗಂಟಲು ಕೊರೆದದ್ದು, ಮೂಗಿನಲ್ಲಿ ಗಂಜಿ ಕುಡಿದದ್ದು. ಹೇಳುತ್ತ ಹೇಳುತ್ತ ಹಳೆಯ ಹುರುಪು ಬರುತ್ತಿತ್ತು, ನಗಿಸುತ್ತಲೂ ಇದ್ದ. ಒಂದು ಭಾನುವಾರ ಹೊಸ ಗಿರಣಿಯವನೇ ಬಂದಿದ್ದ.

"ಎರಡು ತಿಂಗಳು ಆ ಮೆಷಿನ್ನಲ್ಲಿ!" ಎಂದ ಅವನು. "ಸುತ್ತಮುತ್ತ ಏನಾಗ್ತಿದೆ ಅಂತ ಗೊತ್ತಾಗ್ತಿತ್ತಾ ಅಣ್ಣಾ?"

ಡೊರಿಕಾ ಬಾಗಿಲಲ್ಲಿ ಚಹಾದ ಲೋಟಗಳನ್ನು ಹಿಡಿದು ನಿಂತಿದ್ದಳು. ಲೆವಿಸನ್ ಅವಳ ಕಡೆ ನೋಡಲಿಲ್ಲ.

"ಎಲ್ಲಿ ಗೊತ್ತಾಗುತ್ತೋ ಮಾರಾಯ," ಎಂದ. "ಪ್ರಜ್ಞೆನೇ ಇರ್ಲಿಲ್ಲ ನಂಗೆ."

"ಅದೂ ಒಳ್ಳೇದೇ ಬಿಡಿ."

"ಹೂಂ."

ಡೊರಿಕಾ ಬಂದವನಿಗೆ ಲೋಟ ಕೊಟ್ಟಳು. ಗಂಡನ ಲೋಟಕ್ಕೆ ಸಕ್ಕರೆ ಹಾಕಿ, ಕಲಕಿ, ಬೀಳದಂತೆ ಅವನ ಎರಡೂ ಅಂಗೈಗಳ ನಡುವೆ ಇಟ್ಟು, ಬಿಗಿಯಾಗಿ ಹಿಡಿದನೆಂದು ಖಾತ್ರಿಯಾದ ಮೇಲೆ ಕೈ ಬಿಟ್ಟಳು.